ಕಾಡು ಈರುಳ್ಳಿ

ಕಡಲ ದಂಡೆಯ ಮರಳು, ಬಂಡೆಗಳ ಇಳಿಜಾರು, ಜಂಬಿಟ್ಟಿಗೆ ಹಾಸಿನ ಬಿರುಕು, ಬಯಲುಸೀಮೆಯ ಒಣಗುಡ್ಡ ಮುಂತಾದ ಬಡ ನೆಲದಲ್ಲಿ ಬೆಳೆಯುವ, ಈರುಳ್ಳಿಯಂಥ ಗೆಡ್ಡೆಯುಳ್ಳ ಬಹುವಾರ್ಷಿಕ ಸಸ್ಯ. ಶಾಸ್ತ್ರೀಯ ಹೆಸರು ಡ್ರಿಮಿಯ ಇಂಡಿಕ. ಹಳೆಯ ಪುಸ್ತಕಗಳಲ್ಲಿ ಅರ್ಜಿನಿಯ ಇಂಡಿಕ ಎಂದಿರುತ್ತದೆ. ಕನ್ನಡದಲ್ಲಿ ಕಾಡುಳ್ಳಿ, ಅಡವಿ ಈರುಳ್ಳಿ, ನರಿ ಈರುಳ್ಳಿ ಎಂಬ ಹೆಸರುಗಳೂ ಇವೆ. ತಮಿಳಿನ ನರಿವೆಂಗಾಯಂ, ತೆಲುಗಿನ ನಕ್ಕವುಲ್ಲಿಗಡ್ಡ, ಮಲಯಾಳದ ಕಾಟ್ಟುಳ್ಳಿ, ಮರಾಠಿಯ ರಾನಕಾಂದಾ ಇದೇ ಗಿಡ. ಸಂಸ್ಕೃತ ನಿಘಂಟುಗಳಲ್ಲಿ ವನಪಲಾಂಡು, ಕೋಲಕಂದ ಎಂದೂ ಯುನಾನಿ ವೈದ್ಯದಲ್ಲಿ ಇಸ್ಕೀಲ್ ಎಂದೂ ಹೆಸರಾಗಿದೆ. ಹೆಸರಿನಲ್ಲಿ ಈರುಳ್ಳಿ ಇದ್ದರೂ ಇದು ಅಡುಗೆಗೆ ಬರುವುದಲ್ಲ. ಗೆಡ್ಡೆಯಲ್ಲಿ ಹೃದಯದ ಮೇಲೆ ನೇರವಾಗಿ ಕೆಲಸ ಮಾಡುವ ವಿಷವಿದೆ. ಆ ವಿಷವೇ ಅಳತೆಯೊಳಗೆ ಇದ್ದಾಗ ಮದ್ದಾಗಿ ಶತಮಾನಗಟ್ಟಲೆ ನಡೆದುಬಂದಿದೆ.

ಕುಲ ಮತ್ತು ನಂಟರು

ಮನೆಯ ಈರುಳ್ಳಿ, ಬೆಳ್ಳುಳ್ಳಿಗಳು ಏಲಿಯಮ್ ಎಂಬ ಜಾತಿಗೆ ಸೇರಿದವು. ಜಗತ್ತಿನಲ್ಲಿ ಈ ಜಾತಿಯ ಪ್ರಭೇದಗಳು ಒಂಬೈನೂರಕ್ಕೂ ಹೆಚ್ಚು. ಅವುಗಳ ತವರು ಉತ್ತರ ಗೋಳಾರ್ಧದ ತಂಪು ಮತ್ತು ಒಣ ನಾಡುಗಳು, ಮುಖ್ಯವಾಗಿ ಮಧ್ಯ ಏಷ್ಯ. ಭಾರತದಲ್ಲಿ ತಾನಾಗಿ ಬೆಳೆಯುವ ನಿಜವಾದ ಕಾಡು ಈರುಳ್ಳಿಗಳನ್ನು ನೋಡಬೇಕಾದರೆ ಹಿಮಾಲಯಕ್ಕೇ ಹೋಗಬೇಕು. ಲಡಾಖಿನವರು ಒಗ್ಗರಣೆಗೆ ಬಳಸುವ ಸ್ಕೋಚೆ ಅಂಥದೊಂದು. ಕರ್ನಾಟಕದ ಕಾಡಿನಲ್ಲಿ ಏಲಿಯಮ್ ತಾನಾಗಿ ಬೆಳೆಯುವುದಿಲ್ಲ. ನಮ್ಮಲ್ಲಿ ಜನ ಕಾಡು ಈರುಳ್ಳಿ ಎಂದು ತೋರಿಸುವುದೆಲ್ಲ ಗೆಡ್ಡೆಯ ಆಕಾರದಿಂದ ಆ ಹೆಸರು ಪಡೆದ ಬೇರೆ ಗಿಡಗಳು. ಅವುಗಳಲ್ಲಿ ಮುಖ್ಯವಾದದ್ದು ಡ್ರಿಮಿಯ.

ಹಿಂದೆ ಇವೆಲ್ಲವನ್ನೂ ಲಿಲಿಯೇಸೀ ಎಂಬ ದೊಡ್ಡ ಕುಟುಂಬದಲ್ಲಿ ಒಟ್ಟಿಗೆ ಇಡುತ್ತಿದ್ದರು. ವಂಶವಾಹಿಗಳ ಆಧಾರದ ಮೇಲಿನ ಸಸ್ಯವರ್ಗೀಕರಣವು ಈ ಕೂಡುಕುಟುಂಬವನ್ನು ಪಾಲು ಮಾಡಿತು. ಅದರ 2009ರ ಆವೃತ್ತಿಯಲ್ಲಿ ಈರುಳ್ಳಿ ಅಮರಿಲ್ಲಿಡೇಸೀ ಕುಟುಂಬಕ್ಕೆ ಹೋಯಿತು. ಕಾಡು ಈರುಳ್ಳಿ ಅಸ್ಪರಾಗೇಸೀಯ ಪಾಲಾಯಿತು. ಹೀಗಾಗಿ ಬೇಲಿಯ ಕತ್ತಾಳೆ, ಮಲೆನಾಡಿನವರು ಮಜ್ಜಿಗೆ ಗೆಡ್ಡೆಯೆನ್ನುವ ಶತಾವರಿ ಇವೆರಡೂ ಕಾಡು ಈರುಳ್ಳಿಗೆ ಈರುಳ್ಳಿಗಿಂತ ಹತ್ತಿರದ ನೆಂಟರು. ಗೆಡ್ಡೆ ಎಂಬುದು ಬರಗಾಲವನ್ನು ನೆಲದಡಿ ಕಳೆಯಲು ಸಸ್ಯಗಳು ಕಂಡುಕೊಂಡ ಉಪಾಯ. ಅದನ್ನು ಬೇರೆ ಬೇರೆ ವಂಶಗಳು ಬೇರೆ ಬೇರೆಯಾಗಿಯೇ ಕಂಡುಕೊಂಡಿವೆ.

ಈ ಗಿಡವನ್ನು ಮೊದಲು ಶಾಸ್ತ್ರೀಯವಾಗಿ ವಿವರಿಸಿದವನು ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾಗಿದ್ದ ವಿಲಿಯಂ ರಾಕ್ಸ್‌ಬರ್ಗ್. ಅವನಿಟ್ಟ ಸಿಲ್ಲ ಇಂಡಿಕ ಎಂಬ ಹೆಸರು, ಅವನು ತೀರಿಹೋದ ಎಷ್ಟೋ ವರ್ಷಗಳ ಮೇಲೆ, 1832ರಲ್ಲಿ ಅಚ್ಚಾಯಿತು. 1843ರಲ್ಲಿ ಕುಂತ್ ಇದನ್ನು ಅರ್ಜಿನಿಯಕ್ಕೆ ಸೇರಿಸಿದ. 1977ರಲ್ಲಿ ಜೆಸಪ್ ಡ್ರಿಮಿಯಕ್ಕೆ ತಂದ. ಔಷಧದ ಅಂಗಡಿ ಮತ್ತು ಕಾಲೇಜುಗಳಲ್ಲಿ ಇಂದಿಗೂ ಅರ್ಜಿನಿಯ ಎಂಬ ಹೆಸರೇ ಬಳಕೆಯಲ್ಲಿದೆ.

ಡ್ರಿಮಿಯದ ನೂರಕ್ಕೂ ಹೆಚ್ಚು ಪ್ರಭೇದಗಳಲ್ಲಿ ಬಹುಪಾಲು ಆಫ್ರಿಕದವು. ಭಾರತದಲ್ಲಿರುವುದು ಸುಮಾರು ಹತ್ತು. ಅವುಗಳಲ್ಲೊಂದಾದ ಡ್ರಿಮಿಯ ಗೋವಿಂದಪ್ಪೆಯ ಹೆಸರಿನಲ್ಲಿ ಕನ್ನಡದ ಕಿವಿಗೆ ಪರಿಚಿತವಾದದ್ದೊಂದು ಕೇಳಿಸುತ್ತದೆ. ಬೋರಯ್ಯ ಮತ್ತು ಫಾತಿಮಾ ಎಂಬ ಸಸ್ಯವಿಜ್ಞಾನಿಗಳು ಗೋವಿಂದಪ್ಪ ಎಂಬವರ ಗೌರವಕ್ಕೆ ಇಟ್ಟ ಹೆಸರು ಅದು. ಭಾರತದ ಡ್ರಿಮಿಯಗಳನ್ನು ಬೇರ್ಪಡಿಸುವುದು ಸುಲಭದ ಕೆಲಸವಲ್ಲ. ಹೂವಿದ್ದಾಗ ಎಲೆ ಇರುವುದಿಲ್ಲ, ಎಲೆ ಇದ್ದಾಗ ಹೂವಿರುವುದಿಲ್ಲ. ಒಣಗಿಸಿ ಕಾಗದಕ್ಕೆ ಅಂಟಿಸಿದ ಮಾದರಿಯಲ್ಲಿ ಯಾವಾಗಲೂ ಅರ್ಧ ಗಿಡವಷ್ಟೇ ಇರುತ್ತದೆ. ಸಾಲದ್ದಕ್ಕೆ ಡ್ರಿಮಿಯ ಇಂಡಿಕದಲ್ಲೇ 20, 30, 40 ವರ್ಣತಂತುಗಳ ಬೇರೆ ಬೇರೆ ಬಗೆಗಳಿವೆ. ಈ ಬಗೆಗಳ ಗೆಡ್ಡೆಗಳಲ್ಲಿರುವ ವಿಷದ ಘಟಕಗಳೂ ಒಂದೇ ಅಲ್ಲವೆಂದು ಸುಮಿತಾ ಝಾ ಮತ್ತು ಸುಮಿತ್ರಾ ಸೇನ್ 1981ರಲ್ಲಿ ಪ್ರಕಟಿಸಿದರು. ಒಂದೂರಿನ ಗೆಡ್ಡೆ ಮಾಡಿದ ಕೆಲಸವನ್ನು ಇನ್ನೊಂದೂರಿನ ಗೆಡ್ಡೆ ಮಾಡಲಿಲ್ಲ ಎಂಬ ನಾಟಿ ವೈದ್ಯರ ಮಾತನ್ನು ತಳ್ಳಿಹಾಕುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ಗಿಡದ ರೂಪ

ಗೆಡ್ಡೆ ಮೊಟ್ಟೆಯ ಆಕಾರದ್ದು. ಸಾಮಾನ್ಯವಾಗಿ 5ರಿಂದ 10 ಸೆಂ.ಮೀ. ಉದ್ದವಿರುತ್ತದೆ, ಹಳೆಯ ಗೆಡ್ಡೆ ಇನ್ನೂ ದೊಡ್ಡದು. ಹೊರಗೆ ಮಾಸಲು ಬಿಳಿಯ ತೆಳು ಸಿಪ್ಪೆ, ಒಳಗೆ ಒಂದರ ಮೇಲೊಂದು ಸುತ್ತಿದ ದಪ್ಪ ಬಿಳಿ ಪದರ. ಅಡ್ಡ ಕೊಯ್ದು ನೋಡಿದರೆ ಬಳೆ ಬಳೆಯಾಗಿ ಥೇಟು ಈರುಳ್ಳಿಯೇ. ಆದರೆ ಘಾಟು ಇಲ್ಲ, ಕಣ್ಣಲ್ಲಿ ನೀರು ಬರುವುದಿಲ್ಲ. ಈರುಳ್ಳಿಯ ಘಾಟಿಗೆ ಕಾರಣವಾದ ಗಂಧಕದ ಸಂಯುಕ್ತಗಳು ಇಲ್ಲಿಲ್ಲ. ಪದರಗಳನ್ನು ಬಿಡಿಸಿದರೆ ನಡುವೆ ಲೋಳೆಯ ಎಳೆ ಹಿಗ್ಗಿಕೊಂಡು ಬರುತ್ತದೆ. ಸ್ವಲ್ಪ ಹೊತ್ತಿಗೆ ಬೆರಳ ಸಂದು ತುರಿಸತೊಡಗುತ್ತದೆ. ಪದರದ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿ ಹರಳುಗಳ ಕಟ್ಟುಗಳಿವೆ. ಕೆಸುವಿನ ದಂಟು ಹೆಚ್ಚುವಾಗ ಕೈ ತುರಿಸುವುದೂ ಇಂಥವೇ ಹರಳುಗಳಿಂದ. ರುಚಿ ಕಡುಕಹಿ, ಆದರೆ ಅದನ್ನು ನಾಲಗೆಗಿಟ್ಟು ಪರೀಕ್ಷಿಸಬಾರದು.

ಹೂವಿನ ಕಾಲ ಬೇಸಿಗೆ, ಮಾರ್ಚಿನಿಂದ ಮೇ ತನಕ. ಹುಲ್ಲೆಲ್ಲ ಸುಟ್ಟು ನೆಲ ಬೋಳಾಗಿರುವಾಗ, ಬುಡದಲ್ಲಿ ಒಂದೆಲೆಯೂ ಇಲ್ಲದೆ, ಕಂದು ಮಿಶ್ರಿತ ಹಸಿರಿನ ಒಂಟಿ ದಂಟು ನೆಲದಿಂದ ನೇರ ಏಳುತ್ತದೆ. ಮೊಳಕಾಲಿನಿಂದ ಸೊಂಟದವರೆಗಿನ ಎತ್ತರ, ಕೆಲವೊಮ್ಮೆ ಒಂದು ಮೀಟರಿಗೂ ಮೇಲೆ. ದಂಟಿನ ಮೇಲರ್ಧದಲ್ಲಿ ದೂರದೂರಕ್ಕೆ ಸಪೂರ ತೊಟ್ಟು, ಪ್ರತಿ ತೊಟ್ಟಿನ ತುದಿಗೆ ತಲೆ ಬಾಗಿಸಿದ ಗಂಟೆಯಾಕಾರದ ಹೂವು. ಆರು ದಳ, ಆರು ಕೇಸರ. ಮಾಸಲು ಬಿಳುಪಿನ ದಳದ ನಡುವೆ ಬುಡದಿಂದ ತುದಿಗೆ ಎಳೆದ ಕಂದುಹಸಿರಿನ ಗೆರೆ. ಕೆಳಗಿನ ಮೊಗ್ಗು ಮೊದಲು ಬಿರಿಯುತ್ತದೆ, ತುದಿಯದು ಕೊನೆಗೆ. ಒಂದು ಹೂವಿನ ಆಯುಷ್ಯ ಒಂದು ದಿನಕ್ಕಿಂತ ಕಡಿಮೆ. ಜಾತ್ರೆಯ ಹೂವಿನಂಗಡಿಗೆ ಬರುವ ಚೆಲುವು ಇದಕ್ಕಿಲ್ಲ. ಎದುರಿಗಿದ್ದರೂ ಒಣಕಡ್ಡಿಯೆಂದು ದಾಟಿಹೋಗುವವರೇ ಹೆಚ್ಚು.

ಕಾಯಿ ಮೂರು ಹೋಳಾಗಿ ಒಡೆಯುತ್ತದೆ. ಒಳಗೆ ಕರಿಯ, ಚಪ್ಪಟೆಯ, ಅಂಚಿಗೆ ರೆಕ್ಕೆ ಇರುವ ಹಗುರ ಬೀಜ. ಮುಂಗಾರಿಗೆ ಮೊದಲಿನ ಗಾಳಿಗೆ ದಂಟು ಅಲುಗಿದಂತೆ ಬೀಜ ಉದುರಿ ಹಾರುತ್ತದೆ. ಮಳೆ ಬಿದ್ದ ಮೇಲೆ ಎಲೆಗಳ ಸರದಿ. ಕಾಲು ಮೀಟರಿನಿಂದ ಅರ್ಧ ಮೀಟರ್ ಉದ್ದದ, ಎರಡು ಬೆರಳು ಅಗಲದೊಳಗಿನ ಪಟ್ಟೆ ಎಲೆಗಳು ಗೊಂಚಲಾಗಿ ಹೊರಟು ಮಳೆಗಾಲವಿಡೀ ಅಡುಗೆ ಮಾಡಿ ಗೆಡ್ಡೆಗೆ ತುಂಬುತ್ತವೆ. ಮಳೆ ನಿಂತು ನೆಲ ಒಣಗಿದಂತೆ ಹಳದಿಯಾಗಿ ಬೀಳುತ್ತವೆ. ಚಳಿಗಾಲದಲ್ಲಿ ನೆಲದ ಮೇಲೆ ಗಿಡದ ಗುರುತೇ ಇರುವುದಿಲ್ಲ. ವರ್ಷದ ಸಂಪಾದನೆಯೆಲ್ಲ ಆಗ ನೆಲದಡಿಯ ಒಂದೇ ಮುದ್ದೆಯಲ್ಲಿರುತ್ತದೆ. ಅಗೆದು ತಿನ್ನುವ ಹೆಗ್ಗಣ, ಹಂದಿ, ಮುಳ್ಳುಹಂದಿಗಳಿರುವ ನಾಡಿನಲ್ಲಿ ಇಂಥ ಮುದ್ದೆಗೆ ಕಾವಲು ಬೇಕು. ಆ ಕಾವಲೇ ವಿಷ. ತುರಿಸುವ ಹರಳು ಹೊರಬಾಗಿಲಿನ ಕಾವಲಾದರೆ ಹೃದಯಕ್ಕೆ ತಾಗುವ ವಿಷ ಒಳಮನೆಯದು.

ಕರಾವಳಿಯ ನೆಲೆ

ಡ್ರಿಮಿಯ ಇಂಡಿಕ ಹಿಮಾಲಯದ ತಪ್ಪಲಿನಿಂದ ಕನ್ಯಾಕುಮಾರಿಯವರೆಗೆ ಹರಡಿದೆ. ಆಫ್ರಿಕದಲ್ಲೂ ಇದೆ. ಔಷಧ ಸಸ್ಯಗಳ ಹಳೆಯ ಪುಸ್ತಕಗಳು ಇದರ ನೆಲೆ ಹೇಳುವಾಗ ಮರೆಯದೆ ಸೇರಿಸುವ ಮಾತು, ಕಡಲಿಗೆ ಹತ್ತಿರದ ಮರಳು ನೆಲ ಎಂಬುದು. ಕೊಂಕಣದಿಂದ ಕೆನರಾದವರೆಗಿನ ಪಡುಗಡಲ ದಂಡೆ ಇದಕ್ಕೆ ಹೇಳಿಮಾಡಿಸಿದ್ದು.

ಕರ್ನಾಟಕದ ಕರಾವಳಿ ಉದ್ದಕ್ಕೂ ಒಂದೇ ಸಮನೆಯ ಮರಳ ಪಟ್ಟಿಯಲ್ಲ. ಕಾರವಾರದಲ್ಲಿ ಘಟ್ಟದ ಕವಲುಗಳೇ ನೀರಿಗಿಳಿಯುತ್ತವೆ. ಗೋಕರ್ಣದ ಕುಡ್ಲೆ, ಓಂ ಕಡಲತೀರಗಳ ನಡುವೆ, ಹೊನ್ನಾವರದ ಅಪ್ಸರಕೊಂಡದಲ್ಲಿ, ಬೈಂದೂರಿನ ಒತ್ತಿನೆಣೆಯಲ್ಲಿ, ಗಡಿಯಾಚೆ ಕಾಸರಗೋಡಿನ ಬೇಕಲ ಕೋಟೆಯ ಬುಡದಲ್ಲಿ ಗುಡ್ಡವು ಕಡಲಿಗೆ ಎದೆಯೊಡ್ಡಿ ನಿಂತಿದೆ. ಬಹಳ ಕಡೆ ಆ ಗುಡ್ಡದ ಮೈ ಜಂಬಿಟ್ಟಿಗೆ. ಕರಾವಳಿಯವರಿಗೆ ಅದು ಚಿರೆಕಲ್ಲು ಅಥವಾ ಮುರಕಲ್ಲು. ಇದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನಿಟ್ಟು ಜಗತ್ತಿನ ಭೂವಿಜ್ಞಾನಕ್ಕೆ ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಮಡಿದ ಮರುವರ್ಷ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ಅವನು ಬರೆದ ಪ್ರವಾಸಕಥನ 1807ರಲ್ಲಿ ಪ್ರಕಟವಾಯಿತು.

ಜಂಬಿಟ್ಟಿಗೆ ಹಾಸಿನ ಮೇಲೆ ಬದುಕುವುದೆಂದರೆ ಎರಡು ಅತಿಗಳ ನಡುವೆ ಬದುಕುವುದು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮೂರು ಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಹಾಸಿನ ತಗ್ಗುಗಳಲ್ಲಿ ನೀರು ನಿಂತು ಕೀಟ ತಿನ್ನುವ ಗಿಡಗಳು, ಬಿಳಿ ಗುಂಡಿಯಂಥ ಹೂವಿನ ಎರಿಯೊಕಾಲನ್‌ಗಳು ತುಂಬಿಕೊಳ್ಳುತ್ತವೆ. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಎಲ್ಲವೂ ತರಗು. ಫೆಬ್ರವರಿಯ ಮಧ್ಯಾಹ್ನ ಆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲಲಾಗದು. ಮಣ್ಣು ಇರುವುದು ಬಿರುಕಿನಲ್ಲಿ, ಅದೂ ಗೇಣುದ್ದ. ಒಂದು ಋತುವಿನ ಪುಟ್ಟ ಗಿಡಗಳು ಬೀಜವಾಗಿ ಈ ಬೇಸಿಗೆಯನ್ನು ಕಳೆಯುತ್ತವೆ. ಕಾಡು ಈರುಳ್ಳಿ ಗೆಡ್ಡೆಯಾಗಿ ಕಳೆಯುತ್ತದೆ. ಈ ಬಗೆಯ ಗೆಡ್ಡೆಗಿಡಗಳಲ್ಲಿ ಕೆಲವು ಬೇರುಗಳು ಸುಕ್ಕುಗಟ್ಟಿ ಗಿಡ್ಡವಾಗುತ್ತ ಗೆಡ್ಡೆಯನ್ನು ಕೆಳಕ್ಕೆ ಎಳೆದುಕೊಳ್ಳುತ್ತವೆ. ಬೀಜ ಮೊಳೆಯುವುದು ಮೇಲ್ಪದರದಲ್ಲಾದರೂ ಬಲಿತ ಗೆಡ್ಡೆ ಬಿರುಕಿನ ಆಳದಲ್ಲಿ ಭದ್ರವಾಗಿ ಕೂತಿರುವುದು ಹೀಗೆ.

ಇದೇ ದಂಡೆಯಲ್ಲಿ ಈರುಳ್ಳಿಯ ಇನ್ನೊಂದು ಕಥೆಯೂ ಇದೆ, ಅದು ಊಟದ ಈರುಳ್ಳಿಯದು. ಕುಮಟಾದ ಹಂದಿಗೋಣ, ಅಳ್ವೆಕೋಡಿ, ವನ್ನಳ್ಳಿಯ ರೈತರು ಕಡಲ ಹತ್ತಿರದ ಉಸುಕು ಮಣ್ಣಿನಲ್ಲಿ ಬೆಳೆಯುವ ಸಿಹಿ ಈರುಳ್ಳಿಯನ್ನು ಎಲೆಯ ಸಮೇತ ಜಡೆ ಹೆಣೆದು ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ತೂಗುಹಾಕಿ ಮಾರುತ್ತಾರೆ. ಆ ಜಡೆಗಳು ಹೆದ್ದಾರಿಗೆ ಬರುವುದೂ ಕಾಡು ಈರುಳ್ಳಿ ಹೂ ಬಿಡುವುದೂ ಒಂದೇ ಬೇಸಿಗೆಯಲ್ಲಿ. ಒಂದನ್ನು ಕೊಂಡ ಪ್ರವಾಸಿ ಇನ್ನೊಂದನ್ನು ಕಂಡರೂ ಗುರುತಿಸಲಾರ.

ಬಳ್ಳಿಗಾವಿಯ ಸುತ್ತ

ಕರಾವಳಿಯಿಂದ ಘಟ್ಟ ಹತ್ತಿ ಪೂರ್ವಕ್ಕೆ ಬಂದರೆ ಸೊರಬ, ಅದರಾಚೆ ಶಿಕಾರಿಪುರ. ಎರಡೂ ತಾಲ್ಲೂಕುಗಳು ಅಕ್ಕಪಕ್ಕದಲ್ಲಿದ್ದರೂ ನೆಲದ ಗುಣ ಒಂದೇ ಅಲ್ಲ. ಸೊರಬದ ಪಶ್ಚಿಮಕ್ಕೆ ಮಳೆ ಹೆಚ್ಚು. ಅಲ್ಲಿ ನಿತ್ಯಹಸಿರಿನ ಕಾನುಗಳಿವೆ, ತೋಟದ ಬೆನ್ನಿಗೆ ಸೊಪ್ಪಿನಬೆಟ್ಟ, ಅದರ ಪಕ್ಕ ಹುಲ್ಲಿನ ಬ್ಯಾಣ. ಕುಮುದ್ವತಿಯ ಬಯಲಿಗಿಳಿದು ಶಿಕಾರಿಪುರದತ್ತ ಸಾಗಿದಂತೆ ಮಳೆ ಇಳಿಯುತ್ತದೆ, ಎಲೆಯುದುರುವ ಕಾಡು, ಗೋಮಾಳ, ಕೆರೆ ಅಂಗಳ, ಜೋಳದ ಹೊಲ ಮೊದಲಾಗುತ್ತವೆ. ಕಾಡು ಈರುಳ್ಳಿಗೆ ಕಾನಿನ ನೆರಳು ಆಗದು. ಅದಕ್ಕೆ ಬೇಕಾದ್ದು ಬ್ಯಾಣದ ಕಲ್ಲುಹಾಸು, ಗೋಮಾಳದ ಗರಸು ಮಣ್ಣು, ಗುಡ್ಡದ ಬಿಸಿಲುಕಡೆ. ಮಲೆನಾಡು ಬಯಲಿಗೆ ಜಾರುವ ಈ ಅಂಚಿನ ಪಟ್ಟಿಯಲ್ಲಿ ಅಂಥ ನೆಲ ಧಾರಾಳವಾಗಿದೆ. 1801ರ ಮಾರ್ಚಿನಲ್ಲಿ ಬುಕಾನನ್ ಬನವಾಸಿಯಿಂದ ಚಂದ್ರಗುತ್ತಿಯ ಮೇಲೆ ಇಕ್ಕೇರಿಗೆ ಹಾದುಹೋದದ್ದು ಈ ದಂಟು ಏಳುವ ಹೊತ್ತಿಗೇ.

ಶಿವಮೊಗ್ಗ ಜಿಲ್ಲೆಯ ಸಸ್ಯಗಳ ಬಗ್ಗೆ ರಾಮಸ್ವಾಮಿ, ರಾಧಾಕೃಷ್ಣ ರಾವ್ ಮತ್ತು ಗೋವಿಂದಪ್ಪ ಬರೆದ ದೊಡ್ಡ ಗ್ರಂಥವನ್ನು ಮೈಸೂರು ವಿಶ್ವವಿದ್ಯಾನಿಲಯದ ಪ್ರಸಾರಾಂಗ 2001ರಲ್ಲಿ ಹೊರತಂದಿದೆ. ಕರಾವಳಿಯ ಮಟ್ಟಿಗೆ ಅಂಥ ಕೆಲಸ ಮಾಡಿದವರು ಉಡುಪಿಯ ಕೆ. ಗೋಪಾಲಕೃಷ್ಣ ಭಟ್. ಉಡುಪಿಯ ಸಸ್ಯಸಂಪತ್ತಿನ ಮೇಲಿನ ಅವರ ಪುಸ್ತಕ 2003ರದು. ಘಟ್ಟದ ಕೆಳಗಿನ, ಮೇಲಿನ ಗೆಡ್ಡೆಗಿಡಗಳನ್ನು ಹೋಲಿಸಿ ನೋಡುವವರು ಎರಡನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು.

ಈ ಅಂಚಿನ ಪಟ್ಟಿಯಲ್ಲೇ ಇರುವ ಬಳ್ಳಿಗಾವಿಯಲ್ಲಿ ಮದ್ದಿನ ಮಾತಿಗೆ ಸಾವಿರ ವರ್ಷದ ಹಿನ್ನೆಲೆಯಿದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರ ಎಂಬ ಪ್ರಾಂತ್ಯದ ರಾಜಧಾನಿಯಾಗಿದ್ದ ಊರು ಇದು. ಇಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠ ಕಾಳಾಮುಖ ಯತಿಗಳ ದೊಡ್ಡ ಕೇಂದ್ರವಾಗಿತ್ತು. ಬಿಜ್ಜಳನ ಕಾಲದ 1162ರ ಶಾಸನ ಈ ಮಠವನ್ನು ಬಣ್ಣಿಸುವ ರೀತಿ ಕರ್ನಾಟಕದ ಶಾಸನಗಳಲ್ಲೇ ವಿಶಿಷ್ಟವಾದದ್ದು. ವೇದ, ವ್ಯಾಕರಣ, ದರ್ಶನ, ಕಾವ್ಯಗಳ ಓದು ನಡೆಯುವ ಜಾಗ ಎಂಬುದರ ಜೊತೆಗೆ, ದೀನರು, ಅನಾಥರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ಎಲ್ಲ ಪಂಥದ ಸನ್ಯಾಸಿಗಳು ಅನ್ನ ಕಾಣುವ ಜಾಗ ಎಂದೂ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ದೊರೆಯುವ ಜಾಗ ಎಂದೂ ಅದು ಹೇಳುತ್ತದೆ. ಬಿ.ಎಲ್. ರೈಸ್ ಇದನ್ನು ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ 1902ರಲ್ಲಿ ಪ್ರಕಟಿಸಿದ. ಮಠದಲ್ಲಿ ಅರೆಯುತ್ತಿದ್ದ ಬೇರು, ಗೆಡ್ಡೆಗಳ ಪಟ್ಟಿ ಕಲ್ಲಿನ ಮೇಲಿಲ್ಲ. ಆದುದರಿಂದ ಕಾಡು ಈರುಳ್ಳಿಯನ್ನು ಕೋಡಿಯ ಮಠದ ಮದ್ದಿನ ಪೆಟ್ಟಿಗೆಗೆ ತುಂಬುವ ಉತ್ಸಾಹ ಬೇಡ. ಆದರೆ ಇಂಥ ಮಠವೊಂದು ದಿನವೂ ಕೆಮ್ಮು, ಬಾವು, ಜ್ವರದ ಜನರನ್ನು ನೋಡಿಕೊಳ್ಳಬೇಕಿದ್ದರೆ ಸುತ್ತಲಿನ ಬ್ಯಾಣ, ಕಾನುಗಳನ್ನು ಬಲ್ಲ ಜನ ಅದಕ್ಕೆ ಬೇಕೇ ಬೇಕಿತ್ತು. ಆ ಬಗೆಯ ತಿಳಿವಳಿಕೆ ಶಾಸನ ಹಾಕಿಸಿಕೊಳ್ಳುವ ಜನರದಲ್ಲ.

ವಿಷ ಮತ್ತು ಮದ್ದು

ಗೆಡ್ಡೆಯ ಕಹಿಗೆ ಕಾರಣ ಬುಫಡಯನೊಲೈಡ್ ಎಂಬ ಗುಂಪಿನ ರಾಸಾಯನಿಕಗಳು. ಸಿಲ್ಲಾರೆನ್-ಎ, ಪ್ರೊಸಿಲ್ಲಾರಿಡಿನ್-ಎ ಇವು ಮುಖ್ಯವಾದವು. ಗುಂಪಿನ ಹೆಸರಿನ ಮೂಲ ಕಪ್ಪೆ. ನೆಲಗಪ್ಪೆಯ ಚರ್ಮದಲ್ಲಿ ಒಸರುವ ವಿಷವೂ ಇದೇ ವರ್ಗದ್ದು. ಕಪ್ಪೆಯನ್ನು ಕಚ್ಚಿದ ನಾಯಿ ನೊರೆ ಸುರಿಸಿ ಬಿಡುವುದೂ ಕಾಡು ಈರುಳ್ಳಿಯನ್ನು ದನ ಮೂಸಿ ಬಿಡುವುದೂ ರಸಾಯನಶಾಸ್ತ್ರದ ದೃಷ್ಟಿಯಲ್ಲಿ ದೂರದ ಸಂಗತಿಗಳಲ್ಲ.

ಇವು ಕೆಲಸ ಮಾಡುವ ಬಗೆ ಹೀಗಿದೆ. ಪ್ರಾಣಿದೇಹದ ಜೀವಕೋಶಗಳ ಪೊರೆಯಲ್ಲಿ ಸೋಡಿಯಮ್ಮನ್ನು ಹೊರಕ್ಕೂ ಪೊಟ್ಯಾಸಿಯಮ್ಮನ್ನು ಒಳಕ್ಕೂ ತಳ್ಳುವ ಪಂಪು ಇದೆ. ಬುಫಡಯನೊಲೈಡ್ ಆ ಪಂಪನ್ನು ತಡೆಯುತ್ತದೆ. ಹೃದಯದ ಸ್ನಾಯುಕೋಶದಲ್ಲಿ ಸೋಡಿಯಂ ಸೇರಿದಂತೆ ಕ್ಯಾಲ್ಸಿಯಮ್ಮೂ ಏರುತ್ತದೆ. ಕ್ಯಾಲ್ಸಿಯಂ ಏರಿದರೆ ಸ್ನಾಯು ಬಿಗಿಯಾಗಿ ಹಿಂಡುತ್ತದೆ. ಜೊತೆಗೆ ಈ ವಸ್ತುಗಳಿಂದ ಬಡಿತದ ವೇಗವೂ ಇಳಿಯುತ್ತದೆ. ಸೋತ ಹೃದಯಕ್ಕೆ ಇದು ಆಸರೆ. ಇಂಗ್ಲೆಂಡಿನ ವಿಲಿಯಂ ವಿದರಿಂಗ್ 1785ರಲ್ಲಿ ಡಿಜಿಟಾಲಿಸ್ ಗಿಡದ ಬಗ್ಗೆ ಬರೆದು ಪ್ರಸಿದ್ಧಿಗೆ ತಂದದ್ದೂ ಇದೇ ಪರಿಣಾಮವನ್ನು. ಅಳತೆ ಸ್ವಲ್ಪ ಮೀರಿದರೆ ವಾಕರಿಕೆ, ವಾಂತಿ, ಭೇದಿ ಶುರುವಾಗುತ್ತವೆ. ಇನ್ನೂ ಮೀರಿದರೆ ನಾಡಿ ಹದ ತಪ್ಪುತ್ತದೆ, ಹೃದಯ ನಿಲ್ಲಬಹುದು. ಆಸರೆಗೂ ಅಪಾಯಕ್ಕೂ ನಡುವಿನ ಅಂತರ ತೀರ ಕಿರಿದು.

ಎಷ್ಟು ಕಿರಿದು ಎಂಬುದು ಹಳೆಯ ಔಷಧಕೋಶಗಳ ಲೆಕ್ಕದಿಂದ ತಿಳಿಯುತ್ತದೆ. ಅವು ಒಣಗಿಸಿದ ಪುಡಿಗೆ ಗೊತ್ತುಮಾಡಿದ್ದು ಒಂದು ಸಲಕ್ಕೆ 60ರಿಂದ 200 ಮಿಲಿಗ್ರಾಂ. ಹಸಿ ಗೆಡ್ಡೆಯ ಐದರಲ್ಲಿ ನಾಲ್ಕು ಪಾಲು ನೀರೆಂದು ಹಿಡಿದರೂ ನೂರು ಗ್ರಾಮಿನ ಒಂದು ಗೆಡ್ಡೆಯಲ್ಲಿ ಕನಿಷ್ಠ ನೂರು ಸಲದ ಮದ್ದಿದೆ. ಊಟದ ಈರುಳ್ಳಿಯೆಂದು ತಪ್ಪಿ ಹೆಚ್ಚಿ ಹಾಕಿದವರ ಪಾಡು ಏನಾದೀತು ಎಂಬುದನ್ನು ಬೇರೆ ಹೇಳಬೇಕಿಲ್ಲ. ಮನೆಯಲ್ಲಿ ತಾವೇ ಮದ್ದು ಮಾಡಿಕೊಳ್ಳುವ ಗಿಡ ಇದಲ್ಲ.

ಇಷ್ಟಾದರೂ ಹೆಚ್ಚು ಬಳಕೆಯಾದದ್ದು ಹೃದಯಕ್ಕಲ್ಲ, ಕೆಮ್ಮಿಗೆ. ಕಡಿಮೆ ಅಳತೆಯಲ್ಲಿ ಗೆಡ್ಡೆಯ ಸಾರ ಹೊಟ್ಟೆಯ ಒಳಪದರವನ್ನು ಕೆಣಕುತ್ತದೆ. ಅದರ ಪ್ರತಿಕ್ರಿಯೆಯಾಗಿ ಶ್ವಾಸನಾಳದಲ್ಲಿ ನೀರು ಒಸರಿ ಕಟ್ಟಿದ ಕಫ ಸಡಿಲವಾಗುತ್ತದೆ. ಆಯುರ್ವೇದ ಮತ್ತು ಯುನಾನಿಗಳಲ್ಲಿ ದಮ್ಮು, ಕಫ, ಬಾವು, ಜಂತುಬಾಧೆಗೆ ಇದು ಬಳಕೆಯಲ್ಲಿತ್ತು. ಇಂಗ್ಲಿಷ್ ಔಷಧದಂಗಡಿಗಳ ಸ್ಕ್ವಿಲ್ ಸಿರಪ್, ಅಫೀಮು ಬೆರೆಸಿದ ಗೀಸ್ ಲಿಂಕ್ಟಸ್ ಇದರ ಕುಟುಂಬದವೇ. ಸ್ಕ್ವಿಲ್ ಎಂದರೆ ಮೂಲತಃ ಮೆಡಿಟರೇನಿಯನ್ ದಂಡೆಯ ಕಡಲ ಈರುಳ್ಳಿ. ಆ ಗೆಡ್ಡೆಯ ಬದಲಿಗೆ ಭಾರತದ ಗೆಡ್ಡೆಯನ್ನು ಔಷಧಕೋಶಗಳು ಒಪ್ಪಿಕೊಂಡ ಮೇಲೆ, ಎರಡನ್ನೂ ಗುರುತಿಸಲು ಫಾರ್ಮಸಿ ವಿದ್ಯಾರ್ಥಿಗಳಿಗೆ ಒಂದು ಸರಳ ಪರೀಕ್ಷೆ ಕಲಿಸತೊಡಗಿದರು. ತೆಳುವಾಗಿ ಕೊಯ್ದ ಚೂರಿಗೆ ಅಯೋಡಿನ್ ನೀರು ಬಿಟ್ಟರೆ ನಮ್ಮ ಗೆಡ್ಡೆಯ ಲೋಳೆ ಕೆನ್ನೇರಳೆಗೆ ತಿರುಗುತ್ತದೆ, ಅಲ್ಲಿಯದು ತಿರುಗುವುದಿಲ್ಲ.

ಹಳ್ಳಿಮದ್ದಿನಲ್ಲಿ ಹೊರಬಳಕೆಯೇ ಮುಖ್ಯ. ಕೆಂಡದಲ್ಲಿ ಸುಟ್ಟ ಗೆಡ್ಡೆಯನ್ನು ಜಜ್ಜಿ ಅಂಗಾಲಿನ ಆಣಿಗೆ, ನರುಲಿಗೆ ಕಟ್ಟುವ ಪದ್ಧತಿ ದಕ್ಷಿಣ ಭಾರತದ ಉದ್ದಗಲಕ್ಕೂ ಇದೆ. ಸುಡುವುದರಲ್ಲೂ ಅರ್ಥವಿದೆ. ಬೆಂಕಿಗೆ ಗೆಡ್ಡೆಯ ಉಗ್ರತೆ ಸ್ವಲ್ಪ ಇಳಿಯುತ್ತದೆ. ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ವೈದ್ಯ ಡಯೊಸ್ಕೊರಿಡಿಸ್ ಕಡಲ ಈರುಳ್ಳಿಗೆ ಹಿಟ್ಟು ಅಥವಾ ಮಣ್ಣು ಮೆತ್ತಿ ಒಲೆಯಲ್ಲಿ ಬೇಯಿಸಿದ ಮೇಲೆಯೇ ಬಳಸಬೇಕೆಂದು ಬರೆದ. ನಮ್ಮ ವೈದ್ಯದಲ್ಲಿ ಎಲೆ ಸುತ್ತಿ ಮಣ್ಣು ಮೆತ್ತಿ ಸುಟ್ಟು ರಸ ತೆಗೆಯುವ ಪುಟಪಾಕವೂ ಇಂಥದೇ ಕ್ರಮ. ಯಾರಿಂದ ಯಾರು ಕಲಿತರೆಂದು ಜಗಳವಾಡುವ ಅಗತ್ಯವಿಲ್ಲ. ಒಲೆ, ಮಣ್ಣು, ಕಹಿಗೆಡ್ಡೆ ಮೂರೂ ಇದ್ದ ಕಡೆ ಈ ಉಪಾಯ ಹೊಳೆಯುವಂಥದೇ.

ಕಡಲಾಚೆಯ ಅಣ್ಣ

ಡ್ರಿಮಿಯ ಮ್ಯಾರಿಟಿಮ, ಅಂದರೆ ಕಡಲ ಈರುಳ್ಳಿ, ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಕಲ್ಲುದಂಡೆ, ಇಳಿಜಾರುಗಳ ಗಿಡ. ಪೋರ್ಚುಗಲ್, ಮೊರಾಕೊಗಳಿಂದ ತುರ್ಕಿಯವರೆಗೆ ಸಿಗುತ್ತದೆ. ಗೆಡ್ಡೆ ಕಿಲೋ ತೂಗುವಷ್ಟು ದೊಡ್ಡದು, ಅರ್ಧ ನೆಲದ ಮೇಲೇ ಕಾಣುತ್ತದೆ. ಹೂವಿನ ದಂಟು ಆಳೆತ್ತರಕ್ಕೆ ಸಮೀಪ, ಬಿಳಿ ಹೂಗಳು ಒತ್ತೊತ್ತಾಗಿರುತ್ತವೆ. ಅಲ್ಲಿ ಮಳೆ ಚಳಿಗಾಲದ್ದು. ಹಾಗಾಗಿ ಬೇಸಿಗೆ ಮುಗಿಯುವ ಆಗಸ್ಟ್‌ನಿಂದ ಅಕ್ಟೋಬರ್‌ ನಡುವೆ ಹೂವು, ಆಮೇಲೆ ಎಲೆ. ತಿಂಗಳು ಬೇರೆಯಾದರೂ ಮಳೆಗೆ ಮೊದಲು ಹೂವು, ಮಳೆ ಬಂದ ಮೇಲೆ ಎಲೆ ಎಂಬ ಕ್ರಮ ಎರಡೂ ಕಡೆ ಒಂದೇ.

ಮಣ್ಣಿಲ್ಲದೆ ತಿಂಗಳುಗಟ್ಟಲೆ ಬದುಕಿ ಚಿಗುರುವ ಈ ಗೆಡ್ಡೆ ಪ್ರಾಚೀನ ಗ್ರೀಕರನ್ನು ಬೆರಗುಗೊಳಿಸಿತ್ತು. ಬಾಗಿಲಿಗೆ ಕಟ್ಟಿದರೆ ಕೇಡು ಒಳಗೆ ಬಾರದೆಂಬ ನಂಬಿಕೆ ಅವರಲ್ಲಿತ್ತು. ಕ್ರೀಟ್ ದ್ವೀಪದಲ್ಲಿ ಹೊಸವರ್ಷಕ್ಕೆ ಚಿಗುರಿದ ಗೆಡ್ಡೆಯನ್ನು ಮನೆಯ ಬಾಗಿಲಿಗೆ ತೂಗುವ ರೂಢಿ ಈಗಲೂ ಇದೆ. ನಮ್ಮ ಊರುಗಳಲ್ಲಿ ಲೋಳೆಸರವನ್ನು ಬೇರು ಸಮೇತ ತಲೆಕೆಳಗಾಗಿ ಬಾಗಿಲ ಮೇಲೆ ಕಟ್ಟುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಹೂದಿಗಳ ಪರಂಪರೆಯಲ್ಲಿ ಇದು ಹೊಲದ ಗಡಿ ಗುರುತಿಸುವ ಗಿಡ. ಆಳಕ್ಕಿಳಿದು ಕೂತ, ದನ ಮುಟ್ಟದ ಗೆಡ್ಡೆಗಿಂತ ಒಳ್ಳೆಯ ಗಡಿಕಲ್ಲು ಎಲ್ಲಿ ಸಿಕ್ಕೀತು?

ಇದೇ ಪ್ರಭೇದದ ಕೆಂಪು ಬಗೆಯಲ್ಲಿರುವ ಸಿಲ್ಲಿರೊಸೈಡ್ ಹಿಂದೆ ಇಲಿಪಾಷಾಣವಾಗಿ ವ್ಯಾಪಕವಾಗಿ ಮಾರಾಟವಾಗುತ್ತಿತ್ತು. ಇಲಿಗೆ ವಾಂತಿ ಮಾಡಿಕೊಳ್ಳಲು ಬರುವುದಿಲ್ಲ, ಆದುದರಿಂದ ತಿಂದದ್ದು ಒಳಗೇ ಉಳಿಯುತ್ತದೆ. ನಾಯಿ, ಬೆಕ್ಕುಗಳು ಕಕ್ಕಿ ಬಚಾವಾಗುತ್ತವೆ. ಇದರ ಗೆಡ್ಡೆಯಿಂದಲೇ ತೆಗೆಯುವ ಸಿನಿಸ್ಟ್ರಿನ್ ಎಂಬ ಸಕ್ಕರೆಯಂಥ ವಸ್ತು ಮೂತ್ರಪಿಂಡ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ಅಳೆಯಲು ಆಸ್ಪತ್ರೆಗಳಲ್ಲಿ ಬಳಕೆಯಾಗಿದೆ. ದಕ್ಷಿಣ ಆಫ್ರಿಕದಲ್ಲಿ ಇದೇ ಜಾತಿಯ ಇನ್ನೊಂದು ಗಿಡ ದನಕರುಗಳಿಗೆ ದೊಡ್ಡ ಕಂಟಕ. ಮಳೆಗೆ ಮೊದಲೇ ಹಸಿರಾಗುವುದರಿಂದ ಹಸಿದ ದನಗಳು ಬಾಯಿ ಹಾಕಿ ಸಾಯುತ್ತವೆ.

ಹೋಲುವ ಗಿಡಗಳು

ಲೆಡೆಬೂರಿಯ ರೆವೊಲ್ಯೂಟ ಎಂಬ ಪುಟ್ಟ ಗಿಡದ ಗೆಡ್ಡೆಯನ್ನೂ ಕಾಡು ಈರುಳ್ಳಿಯೆಂದು ಅಗೆದು ಮಾರುವುದುಂಟು. ಎಲೆಯ ಮೇಲೆ ನೇರಳೆ ಚುಕ್ಕೆಗಳಿದ್ದರೆ, ಎಲೆ, ಹೂ ಒಟ್ಟಿಗೇ ಇದ್ದರೆ ಅದು ಇದೇ. ಕೊಂಕಣದ ಕಡಲಂಚಿನ ಜಂಬಿಟ್ಟಿಗೆ ಹಾಸುಗಳಲ್ಲಿ ಮಳೆಗಾಲಕ್ಕೆ ಬಿಳಿಯ ಉದ್ದ ಹೂ ಬಿಡುವ ಡಿಪ್ಕಾಡಿ ಕಾಂಕನೆನ್ಸ್ ಇನ್ನೊಂದು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಈ ಗಿಡದ ನೆಲೆ ಬಹಳ ಕಿರಿದು. ವಿಷಮೂಲಿ ಮತ್ತು ಪ್ಯಾಂಕ್ರೇಷಿಯಮ್‌ಗಳ ಗೆಡ್ಡೆಯೂ ನೋಡಲು ಈರುಳ್ಳಿಯೇ, ಹೂವು ಮಾತ್ರ ದೊಡ್ಡದು, ಬಿಳಿಯದು, ಪರಿಮಳದ್ದು. ಇವುಗಳಲ್ಲಿ ಯಾವುದನ್ನೂ ತಿನ್ನುವಂತಿಲ್ಲ. ಕೈಯಲ್ಲಿರುವುದು ನಿಜವಾದ ಈರುಳ್ಳಿಯೋ ಅಲ್ಲವೋ ಎಂಬುದಕ್ಕೆ ಎಲೆಯನ್ನು ಹೊಸಕಿ ಮೂಸುವುದೇ ಮೊದಲ ಪರೀಕ್ಷೆ. ಈರುಳ್ಳಿಯ ಘಾಟು ಬಾರದಿದ್ದರೆ ಕೆಳಗಿಡಬೇಕು.

ಈಗಿನ ಸ್ಥಿತಿ

ಡ್ರಿಮಿಯ ಇಂಡಿಕ ಅಳಿವಿನಂಚಿನ ಗಿಡವಲ್ಲ. ಹರವು ದೊಡ್ಡದು, ವಿಷದ ಕಾವಲೂ ಇದೆ. ಅದು ಕಳೆದುಕೊಳ್ಳುತ್ತಿರುವುದು ನಿಲ್ಲುವ ನೆಲವನ್ನು. ಕರಾವಳಿಯಲ್ಲಿ ಜಂಬಿಟ್ಟಿಗೆ ಹಾಸುಗಳನ್ನು ಯಂತ್ರ ಹಚ್ಚಿ ಕಲ್ಲಾಗಿ ಕೊಯ್ಯಲಾಗುತ್ತಿದೆ. ಹೆದ್ದಾರಿಗೆ, ಲೇಔಟಿಗೆ, ರೆಸಾರ್ಟಿಗೆ ಮೊದಲು ಕಣ್ಣಿಗೆ ಬೀಳುವುದೂ ಈ ಹಾಸುಗಳೇ. ಘಟ್ಟದ ಮೇಲೆ ಬ್ಯಾಣ, ಗೋಮಾಳಗಳಿಗೆ ಅಕೇಶಿಯ ಮತ್ತು ನೀಲಗಿರಿ ಬಂದವು. ಸೊರಬ, ಶಿಕಾರಿಪುರಗಳಲ್ಲಿ ಈಚೆಗೆ ಶುಂಠಿ, ಅಡಿಕೆಗೂ ಈ ಜಾಗ ಒದಗುತ್ತಿದೆ. ಗಿಡ ಅಗೆಯುವವರಿಗಿಂತ ನೆಲ ಅಗೆಯುವವರಿಂದಲೇ ಇದಕ್ಕೆ ಹೆಚ್ಚು ಹಾನಿ. ಕಂದಾಯದ ಕಡತದಲ್ಲಿ ಇಂಥ ಕಲ್ಲುನೆಲಕ್ಕೆ ಖರಾಬು ಎಂಬ ಹೆಸರಿರುವುದರಿಂದ ಅದು ಹೋದರೆ ನಷ್ಟವೆಂದು ಯಾರೂ ಲೆಕ್ಕ ಹಿಡಿಯುವುದಿಲ್ಲ.

ಗಿಡವನ್ನು ಹೆಚ್ಚಿಸುವುದು ಕಷ್ಟವಲ್ಲ. ಗೆಡ್ಡೆಯನ್ನು ಬುಡದ ತಟ್ಟೆಯ ಚೂರು ಸೇರುವಂತೆ ಸೀಳಿ ಮರಳಲ್ಲಿಟ್ಟರೆ ಪದರಗಳ ಸಂದಿನಲ್ಲಿ ಮರಿಗೆಡ್ಡೆಗಳು ಮೂಡುತ್ತವೆ. ಅಂಗಾಂಶ ಕೃಷಿಯಲ್ಲೂ ಇದು ಚೆನ್ನಾಗಿ ಬರುತ್ತದೆಂದು 1980ರ ದಶಕದಿಂದ ತೋರಿಸಲಾಗಿದೆ. ಕಾಡಿನಿಂದ ತರಲೇಬೇಕೆಂದರೆ ಬೀಜ ಉದುರಿದ ಮೇಲೆ, ಎಲೆ ಹೊರಡುವ ಮೊದಲು, ದೊಡ್ಡ ಗೆಡ್ಡೆಗಳನ್ನಷ್ಟೇ ಕೀಳಬೇಕು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ವ್ಯಾಪ್ತಿಯ ಗಿಡಮೂಲಿಕೆಗಳನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಬೇಕು. ಈ ಗಿಡದ ಮಟ್ಟಿಗೆ ಆ ದಾಖಲಾತಿಯ ಕೆಲಸಕ್ಕೆ ಹೊರಡಬೇಕಾದ ತಿಂಗಳು ಏಪ್ರಿಲ್. ಮಳೆಗಾಲದಲ್ಲಿ ಹೋದವರಿಗೆ ಹುಲ್ಲಿನ ನಡುವೆ ಇದರ ಎಲೆ ಬೇರೆಯಾಗಿ ಕಾಣುವುದಿಲ್ಲ.